ಗಡಿ ದಾಟಬಾರದ ಬೀಗ

ಪ್ರೀತಿಯ ಶಶಿ ಅಕ್ಕ,

ನೀವು ಕಣ್ಣು ಮುಚ್ಚಿದ ಮೇಲೆ ನಿಮ್ಮೊಡನೆ ಜಗಳ ಆಡಬೇಕು ಅನ್ನಿಸಿದ್ದು ಇದೇ ಮೊದಲು. ಕೆಲವು ದಿನಗಳಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ. "ಎಂತ ಮಾರಾಯ್ತಿ, ಕಾಲಿಗೆ ಚಕ್ರ ಕಟ್ಟಿದ್ದಿಯಾ?" ಅಂತ ಮೋಹನ್ ಕೇಳಿದರು. ಗಂಡನಿಗೆ ಹೇಳಹೊರಟರೆ ಎಲ್ಲಿಂದ ಶುರು ಮಾಡುವುದು? ನಿಮಗಾದರೆ ಹೇಳಬಹುದು. ನಿಮ್ಮಿಂದಲೇ ಶುರುವಾದದ್ದಲ್ಲವೇ ಇದೆಲ್ಲ?

ಕುವೈತಿನ ಮೈದಾನ್ ಹವಲ್ಲಿಯ ನಿಮ್ಮ ಫ್ಲ್ಯಾಟಿಗೆ ಅಮೆರಿಕದಿಂದ ಆ ದಪ್ಪ ಪುಸ್ತಕ ಬಂದ ಮಧ್ಯಾಹ್ನ ನೆನಪಿದೆಯೇ? ನಾನು ಮದುವೆಯಾಗಿ ಪುತ್ತೂರಿನಿಂದ ಬಂದು ಕೆಲವು ತಿಂಗಳಾಗಿತ್ತಷ್ಟೆ. ಎದುರುಮನೆಯ ನೀವು ಮೈಸೂರಿನವರು, ಗಣಿತದಲ್ಲಿ ಎಂ.ಎಸ್ಸಿ. ಮಾಡಿ ಆಮದು ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಇದ್ದವರು. ಪುಸ್ತಕ ಬಿಡಿಸಿದರೆ ನೆಟ್ಟಗೆ ಒಂದು ವಾಕ್ಯವಿಲ್ಲ. ಬರೀ ಬ್ರಾಕೆಟ್ಟು, ಅಂಕಿ, ತುಂಡು ತುಂಡು ಇಂಗ್ಲಿಷು.

"ಎಂತ ಅಕ್ಕ ಇದು? ಓದ್ಲಿಕ್ಕೇ ಆಗುದಿಲ್ಲ."

"ಬೀಗ ಕಣೇ. ಕಾಗದ ಬರೆದೋರು, ಓದೋರು ಇಬ್ರನ್ನ ಬಿಟ್ಟು ಇನ್ಯಾರೂ ತೆಗೆಯಕ್ಕಾಗದ ಬೀಗ. ಈ ಪ್ರೋಗ್ರಾಂ ಬರೆದ ಮೇಷ್ಟ್ರು ಇದನ್ನ ಫ್ಲಾಪಿಲಿ ಹಾಕಿ ನನಗೆ ಕಳಿಸಿದ್ರೆ, ಅವರ ಕಾನೂನಲ್ಲಿ ಆಯುಧ ರಫ್ತು ಮಾಡಿದ ಹಾಗಂತೆ. ಅಚ್ಚು ಹಾಕಿ ಕಳಿಸಿದ್ರೆ ಬರೀ ಪುಸ್ತಕ. ನೀನು ಓದು, ನಾನು ಟೈಪ್ ಮಾಡ್ತೀನಿ."

ನಾನು ಓದಿದೆ. ಎಷ್ಟೋ ಶುಕ್ರವಾರಗಳು. ಒಂದು ಚುಕ್ಕೆ ತಪ್ಪಿದರೂ ಮತ್ತೆ ಹಿಂದಕ್ಕೆ. ಹಾಗೆ ಓದುತ್ತ ಓದುತ್ತಲೇ ಅಲ್ಲವೇ ನಾನೂ ಪ್ರೋಗ್ರಾಂ ಬರೆಯಲು ಕಲಿತದ್ದು?

ಲಲಿತಾ ಹೋದ ದಿನ ನೀವು ಲಿಫ್ಟಿನ ಮುಂದೆ ಗೋಡೆಗೆ ಮುಖ ಮಾಡಿ ನಿಂತಿದ್ದಿರಿ. ಅದು ಪುಸ್ತಕ ಬರುವುದಕ್ಕೂ ಮುಂಚೆ. ಮೂರನೇ ಮಹಡಿಯ ಮನೆಯಲ್ಲಿ ಕೆಲಸಕ್ಕಿದ್ದ ಆ ಹುಡುಗಿ ತಾನು ಪಡುತ್ತಿದ್ದ ಪಾಡನ್ನು ನಿಮ್ಮ ಕೈಯಲ್ಲಿ ಬರೆಸಿದ್ದಳು. ನೀವು ಆಫೀಸಿನ ಕಂಪ್ಯೂಟರಿನಿಂದ ಊರಿನ ಗೆಳತಿಗೆ ಕಳುಹಿಸಿದಿರಿ. ಯಾರೋ ಅದನ್ನು ಓದಿದರು, ಅವಳಿಗೆ ವೀಸಾ ಕೊಟ್ಟ ಯಜಮಾನ, ಆ ಕಫೀಲನ ಕಿವಿಗೆ ಹಾಕಿದರು. ಉಟ್ಟ ಬಟ್ಟೆಯಲ್ಲೇ ಅವಳನ್ನು ವಿಮಾನ ಹತ್ತಿಸಿದರು. ನಿಮಗೆ ಬೀಗ ಬೇಕಾದದ್ದು ಅದಕ್ಕೆ. ಆಯುಧವಂತೆ! ಯಾರ ಮೇಲೆ ಎತ್ತುವ ಆಯುಧ ಅಕ್ಕ ಅದು?

ಆ ಮೇಷ್ಟ್ರು ತಮ್ಮ ಸರ್ಕಾರದ ಮೇಲೆಯೇ ದಾವೆ ಹೂಡಿದಾಗ ನೀವು ಕುಣಿದಾಡಿದ್ದಿರಿ. ನಾನು ಬರೆದದ್ದು ಮಾತು, ಮದ್ದುಗುಂಡಲ್ಲ; ಮಾತಿಗೆ ಪರವಾನಗಿ ಕೇಳಬೇಡಿ ಎಂಬುದು ಅವರ ವಾದ. ಹೊರದೇಶದಲ್ಲಿ ಇದಕ್ಕಾಗಿ ಕಾದವರು ಯಾರಾದರೂ ಪ್ರಮಾಣಪತ್ರ ಕೊಡುತ್ತೀರಾ ಎಂದು ಅವರ ವಕೀಲರು ಕೇಳಿದರು. ನೀವು ಬರೆದು ನನಗೆ ಓದಿ ಹೇಳಿದಿರಿ: "ಈ ಮನುಷ್ಯ ನನ್ನೊಡನೆ ಮಾತಾಡುತ್ತಿದ್ದಾನೆ. ಅವನ ಬಾಯಿ ಮುಚ್ಚಿದರೆ ನನ್ನ ಕಿವಿ ಮುಚ್ಚಿದಂತೆ." ಕೆಳಗೆ ಪೂರ್ತಿ ಹೆಸರು, ಪೂರ್ತಿ ವಿಳಾಸ. "ಇಲ್ಲಿ ಇರ್ಲಿಕ್ಕೆ ಬೇಕಾದ ಇಕಾಮಾ ಕಂಪನಿಯವರ ಕೈಲುಂಟಲ್ಲ ಅಕ್ಕ, ಹೆದರಿಕೆ ಆಗುದಿಲ್ಲವಾ?" ಅಂದೆ. "ಆಗತ್ತೆ ಕಣೇ," ಅಂದಿರಿ. ಅಷ್ಟೇ.

ಸುದ್ದಿ ಮುಟ್ಟಿ ಮ್ಯಾನೇಜರ್ ನಿಮ್ಮನ್ನು ಕರೆಸಿದ. ಹೇಳಿಕೆ ವಾಪಸ್ ತಗೋ, ಇಲ್ಲವೇ ಕೆಲಸ ಬಿಡು ಎಂದ. ನೀವು ಹೊತ್ತಿಗೆ ಮುಂಚೆಯೇ ಮನೆಗೆ ಬಂದಿರಿ. "ಖಲಾಸ್ ಆಯ್ತು, ಬಾರೇ, ಟೀ ಕುಡಿಯೋಣ" ಎಂದು ಒಲೆ ಹಚ್ಚಿದಿರಿ. ಸಾಲ್ಮಿಯಾದ ಶಾಲೆಯೊಂದು ನಿಮ್ಮನ್ನು ಕೆಲಸಕ್ಕೆ ಕರೆದು ಇಕಾಮಾ ಬದಲಾಗುವವರೆಗೆ, ಯಾರು ಬೆಲ್ ಒತ್ತಿದರೂ ನಾವಿಬ್ಬರೂ ಬೆಚ್ಚುತ್ತಿದ್ದೆವು.

ತೀರ್ಪು ಬಂದ ದಿನ ನೀವು ಸಿಹಿ ಹಂಚಲಿಲ್ಲ. ಮೇಲಿನ ಕೋರ್ಟು ಪ್ರೋಗ್ರಾಂ ಕೂಡ ಮಾತೇ ಎಂದಿತ್ತು. ಆದರೆ ಅಷ್ಟರಲ್ಲಿ ಸರ್ಕಾರ ತಾನೇ ನಿಯಮ ಸಡಿಲಿಸಿದ್ದರಿಂದ ಮುಖ್ಯ ಪ್ರಶ್ನೆ ಇತ್ಯರ್ಥವಾಗದೆ ಉಳಿಯಿತು. "ಸಡಿಲ ಮಾಡಿದ್ರು, ಬಿಚ್ಚಲಿಲ್ಲ. ಸಡಿಲ ಮಾಡಿದ ಗಂಟನ್ನ ಯಾವತ್ತು ಬೇಕಾದ್ರೂ ಬಿಗಿಬಹುದು" ಎಂದು ಗೊಣಗಿದಿರಿ. ನಾನು ನಕ್ಕಿದ್ದೆ.

ಈಗ ಬಿಗಿದಿದ್ದಾರೆ ಅಕ್ಕ. ಮನೆಗೆಲಸದ ಹೆಂಗಸರ ಫೋನಿಗೆಂದು ನಾನು ಕನ್ನಡಕ್ಕೆ ತಂದ ಬೀಗದ ಪ್ರೋಗ್ರಾಂ ಇದೆಯಲ್ಲ, ಅದನ್ನು ಬರೆದವಳು ಆ ಮೇಷ್ಟ್ರ ಶಿಷ್ಯೆ ಹೆಲೆನ್. ಬೇರೆಯವರು ಇಣುಕಿ ಓದಬಹುದಾದಂಥ ಬಿರುಕೊಂದು ಅದರಲ್ಲಿ ಸಿಕ್ಕಿತು. ಅವಳು ತಿದ್ದಿದಳು. ತಿದ್ದುಪಡಿಯನ್ನು ಪರದೇಶದವರಿಗೆ ಕೊಡಲು ಪರವಾನಗಿ ಬೇಕು ಎಂದು ಅಲ್ಲಿನ ಅಧಿಕಾರಿಗಳು ತಡೆದರು. ಅವಳು ಕೋರ್ಟಿಗೆ ಹೋದಳು. ಅವಳ ಮಾತು ಕೇಳಬೇಕಾದವಳು ನಾನು ಎಂದು ನಾನೂ ಪ್ರಮಾಣಪತ್ರಕ್ಕೆ ಸಹಿ ಹಾಕಿದೆ. ನನ್ನ ಮಗನದು ಒಂದೇ ಪ್ರಶ್ನೆ: "ಅಮ್ಮಾ, ವೈ ಯೂ?"

ಹೋದ ವಾರ ಹೆಲೆನ್ ಫೋನ್ ಮಾಡಿದಾಗ ಅವಳ ದನಿ ಸೋತಿತ್ತು. "ಕುವೈತಿನ ನಿನ್ನೊಬ್ಬಳಿಗೆ ಮಾತ್ರ ಕಳುಹಿಸಲು ಪರವಾನಗಿ ಕೊಡುತ್ತಾರಂತೆ, ನಾನು ದಾವೆ ಹಿಂತೆಗೆದುಕೊಂಡರೆ. ನಿನ್ನ ಹೆಂಗಸರು ಕಾಯುತ್ತಿದ್ದಾರೆ, ನೀನೇ ಹೇಳು" ಎಂದಳು. ಕಾಯುತ್ತಿದ್ದುದು ನಿಜ. ಅಬು ಹಲೀಫಾದಲ್ಲಿ ಮನೆಗೆಲಸಕ್ಕಿರುವ ಸರೋಜ ಊರಿಗೆ ಸಂದೇಶ ಕಳುಹಿಸುವುದನ್ನೇ ನಿಲ್ಲಿಸಿದ್ದಳು. ಒಪ್ಪಿದ್ದರೆ ಮರುದಿನವೇ... ಆದರೂ ಬೇಡವೆಂದೆ. ಬೇರೆ ಊರುಗಳಲ್ಲಿ ಕಾಯುವವರು ಯಾರ ಹತ್ತಿರ ಹೋಗಬೇಕು? ಫೋನ್ ಇಟ್ಟ ಮೇಲೆ ಸರೋಜಳಿಗೆ ಹೇಳಿದೆ. ಅವಳು, "ಅಕ್ಕ, ನೀವು ಕಲ್ತವರು, ನಿಮ್ಗೆ ಗೊತ್ತುಂಟು. ನಂಗೆ ಅಮ್ಮನ ಹತ್ರ ಮಾತಾಡ್ಬೇಕಿತ್ತು, ಅಷ್ಟೆ" ಅಂದಳು. ಆ ಮಾತೇ ನನ್ನನ್ನು ಮನೆ ತುಂಬ ಓಡಾಡಿಸಿದ್ದು. ಇನ್ನೊಬ್ಬರ ಕಷ್ಟದ ಮೇಲೆ ನಾನು ಹಟ ಹಿಡಿಯಬಹುದೇ? ನೀವು ಪಣಕ್ಕಿಟ್ಟದ್ದು ನಿಮ್ಮ ಕೆಲಸವನ್ನು. ನಾನು?

ಇವತ್ತು ಬೆಳಿಗ್ಗೆ ಕೋರ್ಟಿನ ಆದೇಶ ಬಂತು. ಅಂತಿಮ ತೀರ್ಪಿನವರೆಗೆ ಹೆಲೆನ್‌ಳನ್ನು ಯಾರೂ ತಡೆಯುವಂತಿಲ್ಲ. ಮಾತಾಡುವ ಮೊದಲು ಅಪ್ಪಣೆ ಕೇಳು ಎನ್ನುವುದು ಮೇಲ್ನೋಟಕ್ಕೇ ತಪ್ಪು ಎಂದಿದ್ದಾರೆ ನ್ಯಾಯಾಧೀಶರು. ಅಂತಿಮ ತೀರ್ಪು ಏನಾಗುವುದೋ ತಿಳಿಯದು. ಆದರೆ ತಿದ್ದುಪಡಿ ಬಂದಿದೆ, ನನಗೊಬ್ಬಳಿಗಲ್ಲ, ಬೇಕಾದವರಿಗೆಲ್ಲ. ಮಧ್ಯಾಹ್ನ ಅಬು ಹಲೀಫಾಕ್ಕೆ ಹೋಗಿ ಸರೋಜಳ ಫೋನಿಗೆ ಹಾಕಿಕೊಟ್ಟೆ. ಅವಳು ನನಗೆ ಬೆನ್ನು ತಿರುಗಿಸಿ ನಿಂತು ಬರೆಯತೊಡಗಿದಳು. ಏನು ಬರೆದಳೋ, ನನಗೆ ಗೊತ್ತಿಲ್ಲ ಅಕ್ಕ.

ನಿಮ್ಮ
ಪುಷ್ಪಾ