ತವರಿನ ಮೊಸರು

ಆಲಮೇಲ
೮ ಮಾರ್ಚ್ ೨೦೨೪

ಪ್ರೀತಿಯ ಅಕ್ಕಾ, ನಿನ್ನ ತಮ್ಮ ಶ್ರೀಶೈಲಪ್ಪನ ಶರಣು.

ಜ್ವರ ಬಿಟ್ಟ ಮೇಲೆ ಕಾಲಿಗೆ ಸ್ವಲ್ಪ ಬಲ ಬಂತೇ? ಅಂಗಳದವರೆಗಾದರೂ ಎದ್ದು ಬರುತ್ತೀಯಾ? ಫೋನಿನಲ್ಲಿ ಏನು ಕೇಳಿದರೂ ‘ಹೂಂ’ ಎಂದು ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ ಹಿಡಿದು ಕುಳಿತಿದ್ದೇನೆ. ಇದನ್ನಾದರೂ ಪೂರ್ತಿ ಓದು. ಕಳೆದ ತಿಂಗಳು ನಿನ್ನ ಮಗ ಅನಿಲ ಫೋನು ಮಾಡಿ, ‘ಮಾವಾ, ಅವ್ವ ಎರಡ ತುತ್ತ ಸೈತ ಉಣವಲ್ಲಳ್ರಿ. ತವರಮನಿ ಮೊಸರ ಇದ್ರ ಉಣ್ತೇನಿ ಅಂತಾಳ’ ಎಂದು ಅತ್ತೇಬಿಟ್ಟ. ಅಂದಿನಿಂದ ನನಗೂ ಊಟ ಸೇರುತ್ತಿಲ್ಲ ಅಕ್ಕಾ. ಇದು ನಿನ್ನನ್ನು ಹೆದರಿಸಲು ಹೇಳುವ ಮಾತಲ್ಲ.

ಬಸ್ಸಿನಲ್ಲಿ ಮೊದಲ ಡಬ್ಬಿ ಕಳಿಸಿದಾಗ ಗೆದ್ದೆ ಎಂದುಕೊಂಡಿದ್ದೆ. ಡೇರಿಗೆ ಬಕೆಟ್ ತುಂಬ ಹಾಲು ಕೊಡುವ ಸೀಮೆ ಆಕಳಿನ ಮೊಸರು ಅದು. ನೀನು ಒಂದು ಚಮಚ ಬಾಯಿಗಿಟ್ಟು, ‘ನೀರಿಗೆ ಹೆಪ್ಪ ಹಾಕ್ಯಾನೇನು?’ ಎಂದೆಯಂತೆ. ಸರಿ, ಎಮ್ಮೆಯ ಮೊಸರು ಕಳಿಸಿದೆ, ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ. ‘ನಮ್ಮವ್ವ ಯಾವಾಗ ಎಮ್ಮಿ ಕಟ್ಟಿದ್ದಳು?’ ಎಂದು ಅದನ್ನೂ ಬದಿಗೆ ಸರಿಸಿದೆ. ಇಲ್ಲಿ ನನ್ನ ಹೆಂಡತಿ ವಿಜಯಲಕ್ಷ್ಮಿಗೆ ಸಿಟ್ಟು. ‘ನನ್ನ ಕೈ ಸರಿ ಐತ್ರಿ, ಮೊದಲ ಹಾಲ ನೋಡ್ರಿ’ ಎಂದಳು. ಆ ಮಾತು ಹಿಡಿದು ಹಲಸಂಗಿಗೆ ಹೋಗಿ, ಕುರಿ ದನ ಸಾಕುವ ಮಾಳಿಂಗರಾಯನ ಕಡೆಯಿಂದ ಜವಾರಿ ಆಕಳನ್ನೇ ತಂದೆ. ಬಿಳಿ ಮೈ, ಉದ್ದ ಕೋಡು, ನಮ್ಮ ಅವ್ವನ ಆಕಳಿನ ತಂಗಿ ಎನ್ನಬೇಕು. ಹೊತ್ತಿಗೆ ಒಂದು ತಂಬಿಗೆ ಹಾಲು, ಅದರ ಮೇಲೆ ಹಳದಿ ಕೆನೆ. ಆ ಮೊಸರಿಗೆ ನೀನು ಕೊಟ್ಟ ತೀರ್ಪು ಅನಿಲ ಹೇಳಿದ: ‘ಆಕಳ ನಮ್ಮಂಥಾದ್ದೇ ಐತಿ, ಮೇವ ನಮ್ಮದಲ್ಲ. ಕಬ್ಬಿನ ಸೀ ಹತ್ತೇತಿ.’

ನಿನ್ನ ನಾಲಿಗೆಗೆ ಜ್ವರ ಬಂದಿಲ್ಲ ಬಿಡು! ನೀನು ಹೇಳಿದ್ದೇ ಖರೆ. ಅವ್ವನ ಕಾಲಕ್ಕೆ ಆಕಳು ಬಿಳಿಜೋಳದ ಒಣ ಕಣಿಕೆ ತಿಂದು, ತೊಗರಿ ಹೊಟ್ಟು ನೆಕ್ಕಿ, ಬದುವಿನ ಹುಲ್ಲು ಮೇಯ್ದು ಬರುತ್ತಿತ್ತು. ಮೊಸರಿಗೊಂದು ಸಣ್ಣ ಒಗರು ಇರುತ್ತಿತ್ತು, ರೊಟ್ಟಿಗೆ ಹಚ್ಚಿದರೆ ಪಲ್ಯವೇ ಬೇಡವಾಗುತ್ತಿತ್ತು. ಹೊಳೆಯ ನೀರು ಹೊಲಕ್ಕೆ ಬಂದ ಮೇಲೆ ನಮ್ಮಲ್ಲಿ ಹಿತ್ತಲಿನವರೆಗೂ ಕಬ್ಬು. ಆಕಳು ದಿನವಿಡೀ ಕಬ್ಬಿನ ಹಸಿ ಸೋಗೆ ತಿನ್ನುತ್ತದೆ. ನೀನು ಕೇಳುವ ತವರಿನ ರುಚಿ ಈಗ ತವರಿನಲ್ಲೇ ಇಲ್ಲ.

ವಿಜಯಲಕ್ಷ್ಮಿ ನಿನ್ನ ಪಾದಕ್ಕೆ ನಮಸ್ಕಾರ ಹೇಳಿದ್ದಾಳೆ, ಸಿಟ್ಟು ಇಳಿದಿದೆ. ಅನಿಲನಿಗೆ ನನ್ನ ಆಶೀರ್ವಾದ. ಗುಳಿಗೆ ತಪ್ಪಿಸಬೇಡ.

ನಿನ್ನ ತಮ್ಮ,
ಶ್ರೀಶೈಲಪ್ಪ

ತಾ.ಕ.: ಮುಖ್ಯ ಮಾತೇ ಉಳಿಯಿತು. ಟೆಂಪೋ ಹೊರಗೆ ಹಾರ್ನ್ ಹೊಡೆಯುತ್ತಿದೆ. ಆ ಜವಾರಿ ಆಕಳನ್ನು ಕರುವಿನ ಸಮೇತ ಮೋದಿನಸಾಬನ ಟೆಂಪೋದಲ್ಲಿ ನಿಮ್ಮೂರು ಇಂಗಳೇಶ್ವರಕ್ಕೆ ಹತ್ತಿಸಿದ್ದೇನೆ, ಈ ಕಾಗದವನ್ನೂ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನಿಮ್ಮದು ಇನ್ನೂ ಮಳೆ ನಂಬಿದ ಹೊಲ, ಈ ಸಲದ ಹೊಸ ಕಣಿಕೆಯ ಬಣವೆ ನಿಮ್ಮ ಹಿತ್ತಲಲ್ಲೇ ಇದೆ ಎಂದು ಅನಿಲ ಹೇಳಿದ. ಎಂಟು ದಿನ ಅದನ್ನೇ ಹಾಕಿಸು. ಒಂದು ಮಾತು ಮಾತ್ರ ನೆನಪಿರಲಿ, ಇದು ಗಂಡಸರನ್ನು ಕೆಚ್ಚಲಿನ ಹತ್ತಿರ ಬಿಡುವುದಿಲ್ಲ. ಮಾಳಿಂಗರಾಯನನ್ನೂ ಒದ್ದಿದೆ, ನನ್ನನ್ನೂ ಒದ್ದಿದೆ. ಅನಿಲನಿಂದ ಆಗುವ ಕೆಲಸವಲ್ಲ. ನಿಮ್ಮ ಮನೆಯಲ್ಲಿ ಹೆಣ್ಣೆಂದರೆ ನೀನೊಬ್ಬಳೇ. ಸಂಜೆಯ ಹೊತ್ತಿಗೆ ಅದರ ಕೆಚ್ಚಲು ತುಂಬಿರುತ್ತದೆ ಅಕ್ಕಾ, ಏಳು.