ಎದೆಗೆ ಬರುವ ಚೆಂಡು

ಗೇಟಿನ ಮುಂದೆ ಚೆಂಡು ಹಿಡಿದು ನಿಲ್ಲುತ್ತಿದ್ದ ನನ್ನ ಅಕ್ಕನಿಗೆ,

ನಿನ್ನ ಫೋನು ಬಂದಾಗಲೆಲ್ಲ ನೋಡಿದೆ, ಎತ್ತಲಿಲ್ಲ. ಎತ್ತಿದರೆ ನೀನು "ಊಟ ಆಯ್ತಾ?" ಅನ್ನುತ್ತೀಯ, ನಾನು "ಆಯ್ತು" ಅನ್ನುತ್ತೇನೆ, ಅಷ್ಟಕ್ಕೇ ಫೋನು ಇಡುತ್ತೇವೆ. ಅದಕ್ಕಿಂತ ಕಾಗದವೇ ವಾಸಿ. ನನ್ನ ಕೋಣೆ ಬಟ್ಟೆ ಒಗೆಯುವ ಅಂಗಡಿಯ ಮೇಲಿದೆಯಲ್ಲ, ಕೆಳಗೆ ಯಂತ್ರ ತಿರುಗಿದಾಗಲೆಲ್ಲ ಮೇಜು ನಡುಗುತ್ತದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಈ ದೇಶದಲ್ಲಿ ನಾನು ಮಾಡುವ ಕೆಲಸವೇನು ಅಂತ ನಿಮಗ್ಯಾರಿಗೂ ಸರಿಯಾಗಿ ಹೇಳಿಯೇ ಇಲ್ಲ. ಎರಡನೇ ಗೋಲ್‌ಕೀಪರ್ ಅಂದರೆ ಬರೀ ಬೆಂಚಿನ ಮೇಲೆ ಕೂರುವವನಲ್ಲ. ಪಂದ್ಯಕ್ಕೆ ಮುಂಚೆ ಮೊದಲನೆಯವನಿಗೆ ಚೆಂಡು ಹೊಡೆದು ಮೈ ಬಿಸಿ ಮಾಡಿಸಬೇಕು. ನಮ್ಮ ಮೊದಲನೆಯವನನ್ನು ನಾನು ಮನಸ್ಸಿನಲ್ಲೇ ಲಂಬು ಅನ್ನುತ್ತೇನೆ. ಆಳು ಬಾಗಿಲಿಗಿಂತ ಎತ್ತರ, ಮಹಾ ಪುಕ್ಕಲ. ಆಟಕ್ಕೆ ಮುಂಚೆ ಒಂದು ಚೆಂಡು ಬಲೆಗೆ ಹೋದರೂ ಸಾಕು, ಅವತ್ತೆಲ್ಲ ಅವನ ಮುಖ ಹುಳ್ಳಗಿರುತ್ತದೆ. ಅದಕ್ಕೇ ಕೋಚ್ ಮೊದಲ ದಿನವೇ ಹೇಳಿಬಿಟ್ಟರು: "ನೀನು ಗೋಲು ಹೊಡೀಬೇಡ. ಅವನ ಎದೆಗೆ ಹೊಡಿ, ಮೆತ್ತಗೆ. ಅವನು ಹಿಡೀಬೇಕು, ಹಿಡಿದು ಖುಷಿ ಪಡ್ಬೇಕು."

ಆರು ವರ್ಷ ಅದನ್ನೇ ಮಾಡಿದೆ. ಈಗ ಕಣ್ಣು ಕಟ್ಟಿ ನಿಲ್ಲಿಸಿದರೂ ನನ್ನ ಬಲಗಾಲು ಚೆಂಡನ್ನು ಎದುರಿನವನ ಎದೆಗೇ ಇಳಿಸುತ್ತದೆ. ಅಮ್ಮ ಪ್ರತಿ ವಾರ ಟಿವಿ ಮುಂದೆ ಕೂತು "ಇವತ್ತಾದ್ರೂ ಆಡಿಸ್ತಾರೇನೋ" ಅನ್ನುತ್ತಿದ್ದಳು. ಭಾವ ಮಾತ್ರ "ಬಟ್ಟೆಗೆ ಮಣ್ಣಾಗದ ಕೆಲಸ, ಪುಣ್ಯವಂತ ಕಣಯ್ಯ ನೀನು" ಅಂತ ಕಾಲೆಳೆಯುತ್ತಿದ್ದರು. ನಾನೂ ನಗುತ್ತಿದ್ದೆ. ಒಂದು ಅವಕಾಶ ಸಿಗಲಿ, ತೋರಿಸುತ್ತೇನೆ ಅಂತ ಹಲ್ಲು ಕಚ್ಚಿಕೊಂಡಿದ್ದೆ.

ಸಿಕ್ಕಿತಲ್ಲ. ಅಭ್ಯಾಸದಲ್ಲಿ ಲಂಬುವಿನ ಬೆರಳು ಮುರಿಯಿತು. ಮರುದಿನ ನಾನು ಆಡುವುದು ಅಂತಾಯಿತು. ಚೆನ್ನಾಗಿ ಆಡಿದರೆ ಕಾಂಟ್ರ್ಯಾಕ್ಟ್ ಮುಂದುವರಿಸುತ್ತೇವೆ, ಇಲ್ಲದಿದ್ದರೆ ಈ ವರ್ಷಕ್ಕೆ ಮುಗಿಯಿತು ಅಂದರು. ಫೋನಿನಲ್ಲಿ ಹೇಳಿದಾಗ ನೀನು ಅತ್ತದ್ದು ಕೇಳಿಸಿತು. ಅಕ್ಕಪಕ್ಕದವರನ್ನೆಲ್ಲ ಕರೆದು ಟಿವಿ ಮುಂದೆ ಕೂರಿಸಿದ್ದೆಯಂತೆ.

ನೀವೆಲ್ಲ ನೋಡಿದ್ದು ಇಷ್ಟು: ನಮ್ಮವನೊಬ್ಬ ಚೆಂಡನ್ನು ಹಿಂದಕ್ಕೆ ನನಗೆ ಕೊಟ್ಟ, ನಾನು ದೂರ ಒದೆಯುವುದು ಬಿಟ್ಟು ಎದುರು ತಂಡದವನಿಗೆ ಒದ್ದೆ, ಅವನು ಗೋಲು ಹೊಡೆದ. ಟಿವಿಯವರು ಅದನ್ನೇ ಮತ್ತೆ ಮತ್ತೆ ತೋರಿಸಿ ನಕ್ಕರಂತೆ. ನಿಮಗೆ ಕಾಣದ್ದನ್ನು ಹೇಳುತ್ತೇನೆ. ಆ ಎದುರು ತಂಡದವನು ಎರಡೂ ತೋಳು ಅಗಲಿಸಿಕೊಂಡು ನನ್ನೆದುರು ಓಡಿ ಬಂದ, ಪಂದ್ಯಕ್ಕೆ ಮುಂಚೆ ಥೇಟ್ ಲಂಬು ನಿಲ್ಲುವ ಹಾಗೆ. ಅಷ್ಟೇ, ಕಾಲು ತನ್ನ ಕೆಲಸ ಮಾಡಿಬಿಟ್ಟಿತು. ಚೆಂಡು ಅವನ ಎದೆಯ ಮೇಲೆ ಇಳಿದಾಗ ಒಂದು ಕ್ಷಣ ನನಗೆ ಸಮಾಧಾನವಾಯಿತು ಅಕ್ಕಾ, ಸರಿಯಾಗಿ ಹೊಡೆದೆ ಅನ್ನುವ ಸಮಾಧಾನ.

ನಿನ್ನೆ ಕೋಚ್ ಕರೆದರು. ಬೈಯಲಿಲ್ಲ, ಕೈ ಕುಲುಕಿ ಲಾಕರ್ ಖಾಲಿ ಮಾಡು ಅಂದರು. ಬೇರೆ ತಂಡದವರೂ ಆ ವಿಡಿಯೋ ನೋಡಿದ್ದಾರೆ, ನನ್ನ ವಯಸ್ಸನ್ನೂ ನೋಡಿದ್ದಾರೆ. ನನಗೆ ತಂಡ ಹುಡುಕಿಕೊಡುವ ಏಜೆಂಟ್ ಫೋನೇ ಎತ್ತುತ್ತಿಲ್ಲ. ಇನ್ನೊಂದು ಅವಕಾಶ ಬರುತ್ತದೆ ಅಂತ ಅಮ್ಮನಿಗೆ ಹೇಳಬೇಡ, ಬರುವುದಿಲ್ಲ.

ನನ್ನನ್ನು ಕೊರೆಯುತ್ತಿರುವುದು ಬೇರೆಯೇ. ಚಿಕ್ಕಂದಿನಲ್ಲಿ ನಾನು ಗೇಟಿನ ಎರಡು ಕಂಬಗಳ ನಡುವೆ ನಿಲ್ಲುತ್ತಿದ್ದೆ, ನೀನು ಬರಿಗಾಲಲ್ಲಿ ಚೆಂಡು ಒದೆಯುತ್ತಿದ್ದೆ. "ಕಣ್ಣು ಮುಚ್ಚಬೇಡ್ವೋ, ಚೆಂಡು ನೋಡು" ಅನ್ನುತ್ತಿದ್ದೆ. ನಾನು ಒಂದನ್ನೂ ಬಿಡುತ್ತಿರಲಿಲ್ಲ. "ನಮ್ಮಕ್ಕನ ಕೈಲಿ ಒಂದು ಗೋಲೂ ಹೊಡೆಯಕ್ಕಾಗಲ್ಲ" ಅಂತ ಬೀದಿಯೆಲ್ಲ ಸಾರಿದೆ. ಅಪ್ಪ ಅದನ್ನೇ ನಂಬಿ ನನ್ನನ್ನು ತರಬೇತಿಗೆ ಸೇರಿಸಿದರು, ನಿನ್ನನ್ನು ಆಟ ಸಾಕು ಅಂತ ಮನೆಯೊಳಗೆ ಕರೆದರು. ಪಕ್ಕದ ಮನೆ ಕಾಂಪೌಂಡಿನ ಮೇಲಿಟ್ಟ ಡಬ್ಬಿಯನ್ನು ನೀನು ಒಂದೇ ಏಟಿಗೆ ಬೀಳಿಸುತ್ತಿದ್ದದ್ದು ಈಗ ನೆನಪಾಗುತ್ತಿದೆ. ನನ್ನ ಕಡೆಗೆ ಒದ್ದ ಚೆಂಡೆಲ್ಲ ಎಲ್ಲಿಗೆ ಬರುತ್ತಿತ್ತು ಅನ್ನುವುದೂ ನೆನಪಾಗುತ್ತಿದೆ. ಎದೆಗೆ, ಮೆತ್ತಗೆ.

ನಾನು ಅಳಬಾರದು ಅಂತ ತಾನೇ? ಒಂದು ಸಲ ನಿಜ ಹೇಳಿಬಿಡು. ಮನಸ್ಸು ಮಾಡಿದ್ದರೆ ನೀನು ಮೂಲೆಗೆ ಹೊಡೆಯಬಹುದಿತ್ತಲ್ಲವೇ? ಹೌದು ಅಂದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಆಟ ಬರುತ್ತಿತ್ತು ಅಂದುಕೊಂಡು ಚೀಲ ಕಟ್ಟುತ್ತೇನೆ.

ನಿನ್ನ ಕಾಲಿಗೆ ಎಂದೂ ನೋವು ಬಾರದಿರಲಿ.

ನಿನ್ನ ಒಂದು ಚೆಂಡನ್ನೂ ಬಿಡದ,
ತಮ್ಮ