ನಿನ್ನ ಅಂಗಡಿಯ ಗಾಜಿನ ಹಿಂದೆ ನಲವತ್ತೊಂದು ಉಡುಪು

ಕ್ಲೀವ್‌ಲ್ಯಾಂಡ್
ಸೆಪ್ಟೆಂಬರ್ 19

ಪ್ರೀತಿಯ ಕ್ಲಿಯೋಫಸ್,

ನಿನ್ನ ಟೈಲರ್ ಅಂಗಡಿಯ ಸುದ್ದಿ ಬೇರೆ ಯಾರ ಬಾಯಿಂದಲೋ ಜಾರ್ಜಿಯಾದಲ್ಲಿರುವ ನಿನ್ನನ್ನು ತಲುಪುವ ಮೊದಲು ನಾನೇ ಬರೆಯುವುದು ಒಳ್ಳೆಯದು ಅನ್ನಿಸಿತು. ನೀನು ಬೀಗ ಹಾಕಿ ಮಗಳ ಮನೆಗೆ ಹೋಗಿ ಒಂಬತ್ತು ವರ್ಷವಾಯಿತು. ಅಷ್ಟೂ ವರ್ಷ ಕಿಟಕಿಗೆ ಹಲಗೆ ಬಡಿದಿತ್ತು. ಈ ಏಪ್ರಿಲ್‌ನಲ್ಲಿ ಅದನ್ನು ತೆಗೆಸಿದ್ದು ನಾನು. ಕಟ್ಟಡದ ಯಜಮಾನ ಒಪ್ಪಿದ್ದ, ನಿನ್ನನ್ನು ಮಾತ್ರ ನಾನು ಕೇಳಲಿಲ್ಲ. ಕ್ಷಮಿಸು.

ಬ್ಲೆಡ್‌ಸೋ ಅಜ್ಜಿಯ ಮೊಮ್ಮಗಳು ಇಮಾನಿ ಈಗ ನಮ್ಮ ಬೀದಿಯ ಸಮಿತಿ ನಡೆಸುತ್ತಾಳೆ. ಹತ್ತೊಂಬತ್ತು ಅಂಗಡಿಗಳಲ್ಲಿ ಏಳು ಖಾಲಿ. ಅವುಗಳ ಕಿಟಕಿಗಳನ್ನು ಕಲೆ ಗೊತ್ತಿದ್ದವರ ಕೈಗೆ ಕೊಟ್ಟು, ಬೆಳಕು ಹಾಕಿ, ನೋಡುವಂತೆ ಮಾಡಬೇಕೆಂದು ಹೊರಟಿದ್ದಳು. "ಜನ ಈ ಬೀದೀಲಿ ತಲೆ ತಗ್ಗಿಸ್ಕೊಂಡು ಓಡ್ತಾರೆ, ಮಿಸ್ ವರ್ಲೀನ್. ಒಂದ್ ನಿಮಿಷ ನಿಂತ್ರೆ ಸಾಕು. ನಿಂತೋರು ನೋಡ್ತಾರೆ, ನೋಡಿದೋರು ಈ ಜಾಗ ಬಾಡಿಗೆಗಿದ್ಯಾ ಅಂತ ಕೇಳ್ತಾರೆ. ನೀವು ಪೇಟೆಯ ದೊಡ್ಡ ಅಂಗಡೀಲಿ ಇಪ್ಪತ್ತಾರು ವರ್ಷ ಕಿಟಕಿ ಅಲಂಕಾರ ಮಾಡ್ದೋರು. ಸುಮ್ನೆ ಟಿವಿ ಮುಂದೆ ಕೂತ್ರೆ ಹೆಂಗೆ?" ಅಂದಳು. ಯಾವ ಅಂಗಡಿ ಬೇಕೋ ಆರಿಸಿಕೊಳ್ಳಿ ಎಂದಳು. ನಾನು ನಿನ್ನದನ್ನು ಆರಿಸಿದೆ. ಬಸ್ ನಿಲ್ದಾಣದ ಎದುರಿಗಿದೆ, ಅದಕ್ಕೆ ಎಂದು ಕಾರಣ ಹೇಳಿದೆ. ಅವಳು ನಂಬಿದಳು.

ಹಳೆಯ ಔಷಧಿ ಅಂಗಡಿಯ ಗಾಜಿನ ಮೇಲೆ ಒಬ್ಬ ಹುಡುಗಿ ಸರೋವರದ ಮೀನುಗಳನ್ನು ಬರೆದಳು. ಬೂಟಿನ ಅಂಗಡಿಯೊಳಗೆ ತಂತಿಯ ಹಕ್ಕಿಗಳು ತೂಗಿದವು. ನಾನು ನನಗೆ ಗೊತ್ತಿದ್ದದ್ದನ್ನೇ ಮಾಡಿದೆ. ಮೂರು ಗೊಂಬೆ ನಿಲ್ಲಿಸಿ, ದಪ್ಪ ಕಾಗದ ಕತ್ತರಿಸಿ ಸೂಟು ತೊಡಿಸಿದೆ. ಹತ್ತಿರ ಹೋಗಿ ನೋಡಿದರೂ ಉಣ್ಣೆಯ ಬಟ್ಟೆಯೇ ಅನ್ನಬೇಕು, ಹಾಗಿತ್ತು. ಹಳದಿ ದೀಪ ಹಾಕಿದೆ. ನಿನ್ನ ಹೆಸರಿನ ಅಕ್ಷರಗಳಿಗೆ ಹೊಸ ಬಣ್ಣ ಹಚ್ಚಿದೆ. ಆಚೆ ಬದಿಗೆ ಹೋಗಿ ನಿಂತು ನೋಡಿ, ಕೈ ಇನ್ನೂ ಕೆಟ್ಟಿಲ್ಲ ಎಂದು ಬೀಗಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಪರ್ವಿಸ್ ಹ್ಯಾಚರ್ ಬಂದ. ನಮ್ಮ ಚರ್ಚಿನ ಗಾಯಕ ತಂಡದಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾನಲ್ಲ, ಅವನೇ. ತೋಳಿನ ಮೇಲೆ ಕರಿಯ ಸೂಟು. ನಿನ್ನ ಬಾಗಿಲನ್ನು ಎರಡು ಸಲ ಎಳೆದ, ಗಾಜು ತಟ್ಟಿದ. ನಾನು ಒಳಗೆ ದೀಪ ಸರಿಮಾಡುತ್ತಿದ್ದವಳು ಬಾಗಿಲು ತೆರೆದೆ. "ಕ್ಲಿಯೋ ಎಲ್ಲಿ? ಶನಿವಾರ ಒಡೆಸ್ಸಾನ ಮಣ್ಣು ಮಾಡ್ಬೇಕು. ಸೂಟು ತೊಟ್ರೆ ಮೈಮೇಲೆ ನೇತಾಡ್ತದೆ," ಅಂದ. ಹೆಂಡತಿಯ ಕಾಯಿಲೆ ನೋಡಿಕೊಂಡು ಅವನೇ ಅರ್ಧ ಆಗಿಹೋಗಿದ್ದ. ನೀನು ಬಂದಿಲ್ಲ, ಇದು ಬರೀ ಅಲಂಕಾರ ಎಂದೆ. ಅವನು ಗೊಂಬೆಯ ತೋಳು ಮುಟ್ಟಿ ನೋಡಿದ. ಕಾಗದ ಸರಬರ ಎಂದಿತು. "ಹಲಗೆ ಇದ್ದಾಗ್ಲೇ ವಾಸಿ ಇತ್ತು ಕಣೇ. ಇಲ್ಲ ಅಂತ ಗೊತ್ತಿತ್ತು, ಸುಮ್ನೆ ಹೋಗ್ತಿದ್ವಿ. ಈಗ ಹೆಣಕ್ಕೆ ಪೌಡರ್ ಬಳಿದು ಕೂರ್ಸಿದ್ದೀಯ. ಯಾರನ್ನ ಆಡ್ಕೊಳ್ಳೋಕೆ?"

ಸೂಟನ್ನು ಅವನ ಕೈಯಿಂದ ಇಸಿದುಕೊಂಡೆ. ನಿನ್ನ ಎದುರು ಕೂತು ಕಾಫಿ ಕುಡಿಯುತ್ತ ಕಲಿತ ಹೊಲಿಗೆ ಅಷ್ಟಿಷ್ಟು ಇತ್ತಲ್ಲ. ಸೊಂಟದ ಹೊಲಿಗೆ ಬಿಚ್ಚಿದಾಗ ಒಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಇತ್ತು. ಮುಂದೆ ದಪ್ಪಗಾದರೆ ಇರಲಿ ಎಂದು ನೀನು ಬಿಟ್ಟಿದ್ದು. ಅವನು ತೆಳ್ಳಗಾಗುತ್ತಾನೆಂದು ಯಾರು ಎಣಿಸಿದ್ದರು? ಎರಡು ದಿನ ಹಿಡಿಯಿತು. ಎಡಗಡೆ ಸ್ವಲ್ಪ ಸೊಟ್ಟ ಬಂತು. ಅವನು ಹಾಗೆಯೇ ತೊಟ್ಟುಕೊಂಡ.

ಶನಿವಾರ ಮಣ್ಣು ಮುಗಿಸಿ ಬಂದು ಚರ್ಚಿನ ಊಟದ ಮನೆಯಲ್ಲಿ ಕೋಳಿ ಹುರಿದದ್ದು, ಸೊಪ್ಪು ಬಡಿಸುತ್ತಿದ್ದಾಗ ನನ್ನ ಕಣ್ಣು ಗಂಡಸರ ಭುಜಗಳ ಮೇಲೇ ಓಡಾಡಿತು. ನೀನು ಹೊಲಿದ ಭುಜ ನನಗೆ ದೂರದಿಂದಲೇ ಗೊತ್ತಾಗುತ್ತದೆ. ಎಣಿಸಿದೆ, ಹದಿನಾರು. ನಿನ್ನ ಅಂಗಡಿ ಎಲ್ಲಿಗೂ ಹೋಗಿರಲಿಲ್ಲ, ಕ್ಲಿಯೋ. ಈ ಜನರ ಮೈಮೇಲೆ ಓಡಾಡಿಕೊಂಡಿತ್ತು. ನಾನು ಕಾಗದ ಕತ್ತರಿಸುತ್ತ ಕೂತಿದ್ದೆ.

ಸೋಮವಾರ ಕಾಗದದ ಸೂಟುಗಳನ್ನು ಕಿತ್ತು ಹಾಕಿದೆ. ಇಮಾನಿ ತಲೆ ಚಚ್ಚಿಕೊಂಡಳು. "ಗುರುವಾರ ನಗರಸಭೆಯೋರು ಬರ್ತಾರೆ! ಖಾಲಿ ಗಾಜು ತೋರ್ಸ್ಲಾ?" ಖಾಲಿ ಇರೋದಿಲ್ಲ, ಹೋಗೇ ಎಂದು ಗದರಿ ಕಳಿಸಿದೆ. ಮನೆಮನೆಗೆ ಹೋಗಿ ನೀನು ಹೊಲಿದ ಬಟ್ಟೆ ಕೇಳಿದೆ. ಒಂದೊಂದರ ಬಗ್ಗೆ ಒಂದು ಸಾಲು ಬರೆದುಕೊಡಿ ಎಂದೆ. ನಲವತ್ತು ಬಂದವು. ಬಸ್ ಓಡಿಸುವ ಲೂಥರ್ ಬರೆದ: "ಮೂರು ಮದುವೆಗೂ ಇದೇ ಸೂಟು. ಸೂಟು ಬಾಳಿಕೆ ಬಂತು." ಒಬ್ಬ ನರ್ಸಮ್ಮ ತಂದ ಕೋಟಿನ ಮೇಲೆ: "ಮೊದಲ ಕೆಲಸ ಕೇಳಲು ಹೋದಾಗ ತೊಟ್ಟಿದ್ದೆ. ಸಿಕ್ಕಿತು." ಪರ್ವಿಸ್ ತಾನಾಗಿ ಬಂದು ಕರಿಯ ಸೂಟು ಕೊಟ್ಟ. ಅವನ ಚೀಟಿಯಲ್ಲಿ: "ಒಡೆಸ್ಸಾಳ ಕೈ ಹಿಡಿದ ದಿನ ತೊಟ್ಟೆ. ಕಳಿಸಿಕೊಟ್ಟ ದಿನವೂ."

ನಲವತ್ತೊಂದನೆಯದಾಗಿ, ನೀನು ಹೊಲಿದುಕೊಟ್ಟ ನನ್ನ ಹಸಿರು ಕೋಟನ್ನೂ ಇಟ್ಟೆ. ಕೊನೆಯಲ್ಲಿ, ಮೂಲೆಯಲ್ಲಿ. ಚೀಟಿಯ ಮೇಲೆ ಬರೆದದ್ದು ಇಷ್ಟೇ: "ಅಳತೆ ತೆಗೆಯದೆ ಹೊಲಿದದ್ದು. ಸರಿಯಾಗಿ ಕೂತಿತು." ಇಮಾನಿ ಎರಡು ಸಲ ಓದಿ ನನ್ನ ಮುಖ ನೋಡಿದಳು.

ಆಮೇಲೆ ಬಸ್ಸಿಗೆ ಕಾಯುವವರು ಗಾಜಿಗೆ ಮೂಗು ಒತ್ತಿಕೊಂಡು ಬಸ್ ತಪ್ಪಿಸಿಕೊಳ್ಳತೊಡಗಿದರು. ಹಾಗೆ ನಿಂತವರಲ್ಲಿ ಯೆಸೇನಿಯಾ ಮಾಲ್ಡೊನಾಡೊ ಎಂಬಾಕೆ ಒಬ್ಬಳು. ಪೋರ್ಟೊ ರಿಕೊದವಳು, ಎರಡು ಬೀದಿ ಆಚೆ ಅಡುಗೆಮನೆಯಲ್ಲೇ ಯಂತ್ರ ಇಟ್ಟುಕೊಂಡು ಆಸ್ಪತ್ರೆಯವರ ಸಮವಸ್ತ್ರ ಹೊಲಿಯುತ್ತಾಳೆ. ಮೂರು ವಾರ ದಿನಾ ಬಂದು ಬಟ್ಟೆಗಳ ಅಂಚು ನೋಡಿದಳು. ನಾಲ್ಕನೆಯ ವಾರ, "ಈ ಜಾಗ ಬಾಡಿಗೆಗಿದ್ಯಾ?" ಎಂದು ಕೇಳಿದಳು. ಅಕ್ಟೋಬರ್ ಒಂದರಿಂದ ಅಂಗಡಿ ಅವಳದು.

ನಿನ್ನೆ ಉಡುಪುಗಳನ್ನೆಲ್ಲ ಮಡಚಿ ಅವರವರಿಗೆ ಮುಟ್ಟಿಸಿದೆ. ಇಮಾನಿ ಕಣ್ಣೊರೆಸಿಕೊಂಡಳು. ನನಗೆ ಅಳು ಬರಲಿಲ್ಲ. ನನ್ನ ಕೆಲಸವೇ ಅದು. ಕಟ್ಟುವುದು, ವೇಳೆ ಬಂದಾಗ ಬಿಚ್ಚುವುದು. ಗಾಜಿನ ಮೇಲಿದ್ದ ನಿನ್ನ ಹೆಸರನ್ನು ಕೆರೆಯಲು ಬ್ಲೇಡು ಹಿಡಿದಾಗ ಯೆಸೇನಿಯಾ ತಡೆದಳು. "ಇರ್ಲಿ ಬಿಡಿ. ಕೆಳಗೆ ನನ್ನ ಹೆಸ್ರು ಬರೀರಿ, ಜಾಗ ಇದೆ," ಅಂದಳು. ಬರೆದೆ. ಅವಳಿಗೆ ಗಂಡಸರ ಕೋಟಿನ ಕಾಲರ್ ಕೂರಿಸುವುದು ಬರುವುದಿಲ್ಲವಂತೆ. ಕಲಿಸುವವರು ಇದ್ದಾರಾ ಎಂದು ಕೇಳಿದಳು. ಇದ್ದಾರೆ, ಆದರೆ ಬರುವುದು ಅವರಿಗೆ ಬಿಟ್ಟದ್ದು ಎಂದೆ.

ಒಂದು ಮಾತು ಉಳಿದಿದೆ. ಅಂಗಡಿ ಮುಚ್ಚಲೇ ಎಂದು ನೀನು ನನ್ನನ್ನೊಬ್ಬಳನ್ನೇ ಕೇಳಿದ್ದೆ. ನಾನು ಕೇಳಿಸಿಕೊಂಡದ್ದು ಬೇರೆ. ನನ್ನನ್ನು ಬಿಟ್ಟು ಹೋಗಲೇ ಎಂದು. ಸಿಟ್ಟಿನಲ್ಲಿ, "ಮುಚ್ಚಿದ್ರೆ ಮುಚ್ಚು, ಯಾರಿಗೇನು ನಷ್ಟ?" ಎಂದುಬಿಟ್ಟೆ. ಅದು ಸುಳ್ಳು. ಆಗಲೂ ಸುಳ್ಳೆಂದು ಗೊತ್ತಿತ್ತು.

ಮಗಳಿಗೆ, ಅವಳ ಮನೆಯವರಿಗೆ ನನ್ನ ನೆನಪು ಹೇಳು. ನಿನ್ನ ಕಣ್ಣು ಚೆನ್ನಾಗಿರಲಿ, ಬೆರಳು ನಡುಗದಿರಲಿ. ದೇವರು ನಿನ್ನನ್ನು ಕಾಯಲಿ. ಹಿಮ ಬೀಳುವುದಕ್ಕೆ ಇನ್ನೂ ಎರಡು ತಿಂಗಳಿದೆ, ದಾರಿ ಚೆನ್ನಾಗಿದೆ.

ನಿನ್ನ,
ವರ್ಲೀನ್